ದೇವದುರ್ಗದಿಂದ ತಂದ ರಿಸೀವರ್

ನಮ್ಮಪ್ಪ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಮಿಲ್ಲಿನ ಸಾಹುಕಾರರ ಮಕ್ಕಳು ಹಾಕಿ ಬಿಟ್ಟ ಅಂಗಿಗಳು ನಮಗೆ ಬರುತ್ತಿದ್ದವು. ಅವ್ವ ಅವನ್ನು ಸೋಡಾ ಹಾಕಿ ಕುದಿಸಿ, ಕಾಲರು ಬಿಚ್ಚಿ ತಿರುವಿ ಹೊಲಿದು, ಜೇಬಿನ ಮೇಲಿನ ಮಸಿಕಲೆ ಹೋಗುವತನಕ ತಿಕ್ಕಿ ಕೊಡುತ್ತಿದ್ದಳು. “ಮಂದಿ ಗುರುತು ಇರಬಾರದು ನೋಡಪ್ಪ” ಅನ್ನುತ್ತಿದ್ದಳು. ಆ ಮಾತು ನನ್ನ ಮೈಗೆ ಹತ್ತಿಬಿಟ್ಟಿತು.

ಅದೇ ಮಿಲ್ಲಿನ ಆಫೀಸಿನಲ್ಲಿ ಒಂದು ಸ್ಟೀರಿಯೋ ರಿಸೀವರ್ ಇತ್ತು. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಡಬ್ಬಿಯಲ್ಲಿರುವ ದೊಡ್ಡ ಯಂತ್ರ. ಅಪ್ಪನಿಗೆ ಬುತ್ತಿ ಒಯ್ದಾಗ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದೆ. ಮಾನ್ವಿಯಲ್ಲಿ ಹೈಸ್ಕೂಲು ಮಾಸ್ತರನಾಗಿ, ಮಕ್ಕಳ ಓದು ಮುಗಿದು ಕೈ ಸ್ವಲ್ಪ ಸಡಿಲವಾದ ಮೇಲೆ ಅಂಥವನ್ನು ಹುಡುಕಿ ಕೊಳ್ಳುವ ಹುಚ್ಚು ಹಿಡಿಯಿತು. ಒಂದನ್ನು ಕೊಟ್ಟು ಅದಕ್ಕಿಂತ ಒಳ್ಳೆಯದನ್ನು ತರುವುದು, ಒಳಗಿನ ಸಾಮಾನು ಬದಲಿಸುವುದು, ಹೊರಗೆ ಹೊಸದರಂತೆ ಮಾಡುವುದು. ಯಾವುದನ್ನೇ ತಂದರೂ ನಾನು ಮೊದಲು ಮಾಡುತ್ತಿದ್ದ ಕೆಲಸ ಹಿಂದಿನವರ ಗುರುತು ತೆಗೆಯುವುದು.

ದೇವದುರ್ಗದಲ್ಲಿ ಒಬ್ಬ ನರ್ಸಮ್ಮನ ಮನೆಯಲ್ಲಿ ಜಪಾನಿನ ಹಳೆಯ ರಿಸೀವರ್ ಇದೆಯೆಂದು ಜೊತೆಯ ಮಾಸ್ತರೊಬ್ಬರು ಹೇಳಿದರು. ಆಕೆಯ ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಹೋದಾಗ ಆಕೆ ಡ್ಯೂಟಿಯಿಂದ ಬಂದು ಇನ್ನೂ ಬಟ್ಟೆ ಬದಲಿಸಿರಲಿಲ್ಲ. ಹೆಚ್ಚು ಮಾತಾಡಲಿಲ್ಲ, ಚೌಕಾಶಿಯನ್ನೂ ಮಾಡಲಿಲ್ಲ. ಸೆರಗಿನಿಂದ ಒಮ್ಮೆ ಒರೆಸಿ, ಮುಂದಿನ ತಗಡಿನ ಮೇಲೆ ಬೆರಳಾಡಿಸಿ, “ಜ್ವಾಕಿ ಒಯ್ರೀ, ವಜ್ಜಿ ಅದ” ಅಂದರು. ಧೂಳು ನೋಡುತ್ತಿದ್ದಾರೆ ಅಂದುಕೊಂಡೆ. ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ನೇರ ರಾಯಚೂರಿಗೆ ಹೋದೆ.

ಸ್ಟೇಷನ್ ರಸ್ತೆಯ ಸಂದಿಯಲ್ಲಿ ನನ್ನ ಮೆಕ್ಯಾನಿಕ್ಕಿನ ಅಂಗಡಿ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಸಣಕಲು ಮುದುಕ, ಕೈ ಮಾತ್ರ ಬಂಗಾರ. ಬಿಚ್ಚಿ ನೋಡಿ, “ಮಾಲು ಅಸಲಿ ಅದ ಮಾಸ್ತರ” ಅಂದ. ಆದರೆ ಮುಂದಿನ ತಗಡಿನ ಮೇಲೆ, ರೇಡಿಯೋ, ಟೇಪು, ರೆಕಾರ್ಡು ಆರಿಸುವ ನಾಬಿನ ಸುತ್ತ, ಯಾರೋ ಉಗುರಿನ ಕೆಂಪು ಬಣ್ಣದ ಹನಿ ಇಟ್ಟಿದ್ದರು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಮೂರು. ಗಟ್ಟಿಯಾಗಿ ಉಬ್ಬಿಕೊಂಡಿದ್ದವು.

“ಹುಡುಗ್ರು ಹೊಲಸು ಮಾಡ್ಯಾರ. ತೆಗಿರಿ ಇವನ್ನ” ಅಂದೆ.

ಮುದುಕ ಕೈಯಾಡಿಸಿ ನೋಡಿದ. “ಹುಡುಗ್ರು ಮಾಡಿದ್ದಲ್ರೀ ಇದು. ಲೆಕ್ಕದಿಂದ ಇಟ್ಟಾರ. ಒಂದು ಮಾತು ಕೇಳ್ರಲ್ಲ ಅವರಿಗೆ.”

“ಏನ್ ಕೇಳೂದು? ತೆಗಿರಿ.”

ಬಣ್ಣ ಕರಗಿಸುವ ಥಿನ್ನರ್ ಹಚ್ಚಿದಾಗ ಹನಿಗಳ ಜೊತೆ ತಗಡಿನ ಮೇಲೆ ಅಚ್ಚಾಗಿದ್ದ ಅಕ್ಷರಗಳೂ ಎದ್ದು ಬಂದವು. ಅವನ ಗೋದಾಮಿನಲ್ಲಿ ಅದೇ ಮಾದರಿಯ ಕೆಟ್ಟ ರಿಸೀವರ್ ಒಂದಿತ್ತು. ಅದರ ತಗಡು ತೆಗೆಸಿ ಇದಕ್ಕೆ ಕೂಡಿಸಿ, ಹಳೆಯದನ್ನು ಅಂಗಡಿಯಲ್ಲೇ ಬಿಟ್ಟೆ. ಕೆಪಾಸಿಟರುಗಳೆಲ್ಲ ಹೊಸವು, ಡಯಲಿನ ಹಿಂದೆ ಹೊಸ ದೀಪ. ಪೋತ್ನಾಳದ ಬಡಿಗರ ಕಡೆಯಿಂದ ಸಾಗವಾನಿ ಪೆಟ್ಟಿಗೆ ಮಾಡಿಸಿದೆ. ಮನೆಗೆ ತಂದು ಹಚ್ಚಿದ ದಿನ ನನ್ನ ಹೆಂಡತಿ ಒಲೆ ಆರಿಸಿ ಬಂದು ಕುಳಿತಳು. ನಾನು ಕೊಂಡವುಗಳಲ್ಲೆಲ್ಲ ಅದೇ ಚೆಂದ ಹಾಡುತ್ತಿತ್ತು.

ಒಂದೂವರೆ ವರ್ಷದ ಮೇಲೆ ಆ ನರ್ಸಮ್ಮನಿಗೆ ಮಾನ್ವಿಗೆ ವರ್ಗವಾಯಿತು. ಸಂತೆಯಲ್ಲಿ ನನ್ನ ಗುರುತು ಹಿಡಿದು ಅವರೇ ಮಾತಾಡಿಸಿದರು.

“ನಮ್ಮ ಡಬ್ಬಿ ಹ್ಯಾಂಗದರೀ ಮಾಸ್ತರ?”

“ಬಂದು ನೋಡ್ರಿ ಅಕ್ಕಾರ, ನಿಮಗ ಗುರ್ತನ ಸಿಗಂಗಿಲ್ಲ!” ಅಂದೆ. ಎಷ್ಟು ಹುರುಪಿನಿಂದ ಅಂದೆನೋ.

ಭಾನುವಾರ ಮಧ್ಯಾಹ್ನ ಬಂದರು. ಹೆಂಡತಿ ಮಂಡಾಳ ಒಗ್ಗರಣೆ ಮಾಡಿದ್ದಳು. ತಟ್ಟೆ ಹಿಡಿಯದೆ ಮೊದಲು ರಿಸೀವರ್ ಹತ್ತಿರ ಹೋದರು. ಬೆರಳು ನಾಬಿನ ಪಕ್ಕಕ್ಕೆ ಹೋಯಿತು, ಆಚೆ ಹೋಯಿತು, ಮತ್ತೆ ಈಚೆ ಬಂತು.

“ಇದು ಬ್ಯಾರೇದಲ್ರೀ?”

“ಅದ ಡಬ್ಬೀನ ಅಕ್ಕಾರ. ಮುಂದಿನ ತಗಡು ಬದ್ಲಿ ಮಾಡಿಸೀನಿ. ಅದರ ಮ್ಯಾಲ ಬಣ್ಣ ಬಿದ್ದಿತ್ತು.”

ಅವರು ಅಲ್ಲೇ ನೆಲದ ಮೇಲೆ ಕುಳಿತರು. ನನ್ನ ಹೆಂಡತಿ ನೀರು ತಂದು ಪಕ್ಕದಲ್ಲಿ ಕುಳಿತಳು. ಒಂದು ಗುಟುಕು ನೀರು ಕುಡಿದು, ನನಗಲ್ಲ, ಅವಳಿಗೆ ಹೇಳಿದರು:

“ಶುಗರ್ ಆಗಿ ನಮ್ಮ ಮನಿಯವರ ಕಣ್ಣು ಹೋದ್ವು ಯವ್ವಾ. ಊರ ಮಂದಿಗೆಲ್ಲ ಸೂಜಿ ಮಾಡ್ತೀನಿ, ಮನ್ಯಾಗ ಉಳಿಸ್ಕೊಳ್ಳಾಕ ಆಗಲಿಲ್ಲ. ನಾ ಡ್ಯೂಟಿಗಿ ಹೋದ್ರ ಅವರು ಒಬ್ರ. ರೇಡಿಯೋಕ್ಕ ಒಂದು ಹನಿ, ಟೇಪಿಗಿ ಎರಡು, ರೆಕಾರ್ಡಿಗಿ ಮೂರು ಇಟ್ಟಿದ್ದೆ. ಅವರು ಬೆರಳಾಡಿಸಿ ಆಡಿಸಿ ಸವೀತಿದ್ವು, ಮತ್ತ ಹಚ್ತಿದ್ದೆ. ಕಡೀ ಸಲ ಹಚ್ಚಿದಾಗ ಒಣಗೂದ್ರಾಗ ಮುಟ್ಟಿಬಿಟ್ರು. ಆ ಒಂಟಿ ಹನಿ ಮ್ಯಾಲ ಅವರ ಬೆರಳಿನ ಗೆರಿ ಮೂಡಿದ್ವು.”

ನಾನೂ ನೆಲಕ್ಕೆ ಕುಳಿತೆ. “ಹಂಗಿದ್ರ ಯಾಕ ಕೊಟ್ರಿ ಅಕ್ಕಾರ?”

“ಮನ್ಯಾಗ ಇದ್ರ ದಿನಾ ಮುಟ್ಟಿ ಅಳೂದ ಆಗಿತ್ರೀ. ನೌಕರಿ ಮಾಡಬೇಕಲ್ಲ. ಎಲ್ಲೋ ಒಂದು ಕಡಿ ಅದ ಅಂತ ಗೊತ್ತಿದ್ರ ಸಾಕಿತ್ತು.”

ತೆಗೆದುಕೊಂಡು ಹೋಗಿರೆಂದು ಕೈ ಮುಗಿದೆ. ತಲೆಯಾಡಿಸಿದರು. “ಬ್ಯಾಡ್ರಿ. ಈಗ ಅದು ನಿಮ್ಮದು ಆಗೇದ.” ಬೇಸರದಿಂದ ಅಂದದ್ದಲ್ಲ. ಹೆಂಡತಿಯ ಮನಸ್ಸು ನೋಯಬಾರದೆಂದು ಎರಡು ತುತ್ತು ಮಂಡಾಳ ತಿಂದು ಎದ್ದರು.

ಮರುದಿನ ರಜೆ ಹಾಕಿ ರಾಯಚೂರಿಗೆ ಹೋದೆ. ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡ. “ನಾ ಅವತ್ತೇ ಹೇಳಿದ್ದೆ” ಅನ್ನಬಹುದಿತ್ತು, ಅನ್ನಲಿಲ್ಲ. “ಹನಿ ಥಿನ್ನರಿನಾಗ ಕರಗಿ ಹೋದ್ವಲ್ಲ ಮಾಸ್ತರ” ಅಂದ. ನನಗೂ ಗೊತ್ತಿತ್ತು. ಆದರೂ ಆ ತಗಡಾದರೂ ಬೇಕು, ಆಕೆಯ ಗಂಡ ಮುಟ್ಟಿದ ತಗಡು ಅದು, ಎಂದು ಹಟ ಹಿಡಿದೆ. ಗುಜರಿಗೆ ಹಾಕಿ ಬಹಳ ದಿನವಾಗಿತ್ತು. ಮುದುಕ ಅಂಗಡಿಗೆ ಬಾಗಿಲು ಹಾಕಿ ನನ್ನ ಜೊತೆ ಬಂದ. ಗುಜರಿಯವನು, ಅಲ್ಯುಮಿನಿಯಂ ಎಲ್ಲ ಹೈದರಾಬಾದಿಗೆ ಕರಗಿಸಲು ಹೋಗುತ್ತದೆ ಅಂದ. ನಾವಿಬ್ಬರೂ ಬಿಸಿಲಲ್ಲಿ ಕುಳಿತು ಉಳಿದ ಗುಡ್ಡೆ ಕೆದರಿದೆವು. ಚೂಪು ತಗಡು ನನ್ನ ಅಂಗೈ ಸೀಳಿತು. ತಗಡು ಸಿಗಲಿಲ್ಲ.

ಆ ಸಂಜೆಯೇ ಮಾನ್ವಿಯ ದವಾಖಾನೆಗೆ ಹೋದೆ. ಡ್ಯೂಟಿಯಲ್ಲಿ ನರ್ಸಮ್ಮನೇ ಇದ್ದರು. ಗಾಯ ನೋಡಿ ಹೇಗಾಯಿತೆಂದು ಕೇಳಿದರು. ಹೇಳಿದೆ.

ಹತ್ತಿಯಿಂದ ಗಾಯ ಒರೆಸುತ್ತ, “ಯಾಕ ಹೋದ್ರಿ ಆ ಬಿಸಿಲಾಗ?” ಅಂದರು. ಪಟ್ಟಿ ಕಟ್ಟಿ, ಧನುರ್ವಾಯುವಿನ ಸೂಜಿ ಮಾಡಿ, ನೀರು ತಾಕಿಸಬೇಡಿರೆಂದು ಹೇಳಿ ಮುಂದಿನವರನ್ನು ಕರೆದರು.

ಅಲ್ಲಿಂದೀಚೆಗೆ ನಾನು ಬೇರೆ ರಿಸೀವರ್ ಕೊಂಡಿಲ್ಲ. ಅವರು ಸಂತೆಯಲ್ಲಿ ಸಿಕ್ಕರೆ ಹೆಂಡತಿಯನ್ನು ಕೇಳುತ್ತಾರೆ, ಮಕ್ಕಳನ್ನು ಕೇಳುತ್ತಾರೆ. ಡಬ್ಬಿಯ ಸುದ್ದಿ ಎತ್ತುವುದಿಲ್ಲ.