ಮಸಿಯ ಮೇಲೆ ಬೆಳಕು ಬಿಡುವ ವರ

“ಹುಡುಗ ಏನ್ ಮಾಡ್ತಾನ?” ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ಉತ್ತರ ಹೇಳಲಾಗದ ಒಬ್ಬ ಭಾಮೈದ ನನಗಿದ್ದಾನೆ. ಹೆಸರು ಸೀನ. ಮದ್ರಾಸಿನಲ್ಲಿ ಫಿಸಿಕ್ಸ್ ಸಂಶೋಧನೆ. ಕಾರ್ಬನ್ನಿನ ಮೇಲೆ ಲೇಸರ್ ಬೆಳಕು ಬಿಟ್ಟು ಏನಾಗುತ್ತದೆಂದು ನೋಡುವುದೇ ಕೆಲಸ. (ವರ್ಷಗಟ್ಟಲೆ ನೋಡುತ್ತಲೇ ಇದ್ದಾನೆ!)

ಪತ್ತಿಕೊಂಡ ಊರಿನ ಹೆಣ್ಣಿನ ಸಂಬಂಧ ತಪ್ಪಿದ್ದು ಇದರಿಂದಲೇ. ಬೆಳಕು ಬಿಡುವವನೇ ಆದರೆ ಕರೆಂಟ್ ಆಫೀಸಿನವನು ಮೇಲಲ್ಲವೇ ಎಂದರಂತೆ ಅವರು. ನಮ್ಮ ಮಾವನವರು ಕೊನೆಯ ಮಾತು ಹೇಳಿಬಿಟ್ಟರು: “ಈ ಸಲನೂ ಆಗಲಿಲ್ಲಂದ್ರ ಲ್ಯಾಬ್ ಬಿಟ್ಟು ಬ್ಯಾಂಕ್ ಪರೀಕ್ಷೆ ಬರಿ.” ಸೀನ ತಲೆ ತಗ್ಗಿಸಿ ಹ್ಞೂಂ ಎಂದ.

ಹೋದ ಭಾನುವಾರ ಮಾವನವರು, ಸೀನ, ನಾನು ಆದೋನಿಯಿಂದ ಎಮ್ಮಿಗನೂರಿಗೆ ಬಸ್ಸು ಹತ್ತಿದೆವು. ಹೆಣ್ಣು ನೋಡಲು. ದಾರಿಯುದ್ದಕ್ಕೂ ನನ್ನ ಪಾಠ: “ಲೇಸರ್ ಸೈಂಟಿಸ್ಟ್ ಅನ್ನು. ಮುಂದ ಬಾಯಿ ಬಿಡಬ್ಯಾಡ.”

“ಹ್ಞೂಂ ಭಾವ.”

ಹುಡುಗಿಯ ತಾತ ಪೂಜೆ ಮುಗಿಸಿ ಬಂದು ಕೂತರು. “ಲೇಸರ್ ಸರೇ. ಅದನ್ನ ಎದರ ಮ್ಯಾಲೆ ಬಿಡ್ತೀಯಪ್ಪಾ?”

“ಮಸಿ ಮ್ಯಾಲ್ರಿ.”

(ಕನ್ನಡದಲ್ಲೂ ಮಸಿ, ತೆಲುಗಿನಲ್ಲೂ ಮಸಿ. ಆಂಧ್ರದ ಗಡಿಯ ನಮ್ಮ ಸೀಮೆಯಲ್ಲಿ ತಪ್ಪಿಸಿಕೊಳ್ಳಲು ಇನ್ನೊಂದು ಭಾಷೆಯೂ ಇಲ್ಲ!)

“ದೀಪದ ಮಸಿನಾ? ಅದರಿಂದ ಏನಾರ ಉಪಯೋಗ ಐತೇನು?”

“ಇನ್ನೂ ಗೊತ್ತಿಲ್ರಿ.”

ಎಂಥ ಉತ್ತರ! ನಾನು ಉಪ್ಪಿಟ್ಟಿನ ತಟ್ಟೆಯಲ್ಲಿ ಮುಖ ಮರೆಸಿದೆ. ಮಾವನವರು ಗಡಬಡಿಸಿ, “ಬೇಕಾದ್ರ ಅದನ್ನೆಲ್ಲ ಬಿಟ್ಟು ಬ್ಯಾಂಕ್ ಸೇರ್ತಾನ್ರಿ” ಎಂದರು. ಸೀನನ ಮುಖ ಸಣ್ಣದಾಯಿತು.

ಆಗ ಹುಡುಗಿ ಮಾತಾಡಿದಳು. ಹೆಸರು ಸುಧಾ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. “ಬೆಳಕು ಬಿಟ್ರ ಆ ಮಸಿ ಏನಾಗ್ತದ್ರಿ?”

ಸೀನ ತಲೆ ಎತ್ತಿದ. ನಮ್ಮ ಮನೆಯಲ್ಲಿ ಯಾರೂ ಅವನಿಗೆ ಹಾಕದ ಪ್ರಶ್ನೆ ಅದು.

“ಆವಿ ಆಗ್ತದ್ರಿ. ತಣ್ಣಗಾಗೋ ಮುಂದ ಪರಮಾಣುಗಳು ಒಂದರ ಕೈ ಒಂದು ಹಿಡಕಂತಾವ. ಹೊಸಾ ಹೊಸಾ ಗುಂಪು ಆಗ್ತಾವ…” ಶುರುವಾದ ಮಾತು ನಿಲ್ಲಲೇ ಇಲ್ಲ. ಎಲ್ಲರ ಕಾಫಿಯೂ ಕೆನೆಗಟ್ಟಿತು.

“ಯಾರು ಯಾರ ಕೈ ಹಿಡೀತಾರಂತ ಮೊದ್ಲೇ ಹೇಳಾಕ ಬರ್ತದೇನ್ರಿ?” ಎಂದಳು ಸುಧಾ.

“ಬರಂಗಿಲ್ರಿ. ಅದೇ ನಮ್ಮ ದೊಡ್ಡ ಕಷ್ಟ,” ಎಂದ ಸೀನ, ಬಹಳ ಗಂಭೀರವಾಗಿ.

ಮನೆಯೆಲ್ಲ ಗೊಳ್ಳೆಂದಿತು. ತಾತನಿಗೆ ನಕ್ಕೂ ನಕ್ಕೂ ಕೆಮ್ಮು ಬಂತು.

ಬುಧವಾರ ಒಪ್ಪಿಗೆಯ ಸುದ್ದಿ ಬಂತು. ಜೊತೆಗೆ ಹುಡುಗಿಯದೊಂದು ಷರತ್ತು: ಅವರು ಲ್ಯಾಬ್ ಬಿಡಬಾರದು. ಮಾವನವರು ಬ್ಯಾಂಕಿನ ಮಾತನ್ನು ನುಂಗಿಕೊಂಡರು. ನಮ್ಮ ವಿಜ್ಞಾನಿ ಮಾತ್ರ ಮದ್ರಾಸ್ ರೈಲು ಹತ್ತುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ, “ಭಾವ, ಅವತ್ತು ಅವರೆಲ್ಲಾ ಯಾಕ ನಕ್ರು?”

ಹೆಣ್ಣು ನೋಡಲು ಹೋದವರು ಹಾಡು ಬರುತ್ತದೆಯೇ ಎಂದು ಕೇಳುತ್ತೇವೆ, ಅಡುಗೆ ಬರುತ್ತದೆಯೇ ಎಂದು ಕೇಳುತ್ತೇವೆ. ಪ್ರಶ್ನೆ ಕೇಳಲು ಬರುತ್ತದೆಯೇ ಎಂದು ಯಾವತ್ತಾದರೂ ಕೇಳಿದ್ದೇವೆಯೇ?