ಜಂಗ್ಲಿಸಾಬ್ ಕಾಕಾನ ಮೈವಾಸನೆ

ನಮ್ಮ ಪಕ್ಕದ ಮನೆಯ ಜಂಗ್ಲಿಸಾಬ್ ಕಾಕಾ ಜನ್ಮದಲ್ಲಿ ಒಂದು ಹನಿ ಸೆರೆ ಮುಟ್ಟಿದವನಲ್ಲ. ಆದರೆ ಲಿಂಗಸುಗೂರಿನಲ್ಲಿ ಈ ಮಾತನ್ನು ನಂಬುತ್ತಿದ್ದವರು ಅವನ ಹೆಂಡತಿ ದಾವಲ್‌ಬೀ, ಮಗಳು ಮೆಹರಬಾನು ಮತ್ತು ನಾನು. ಉಳಿದವರು ತಮ್ಮ ತಮ್ಮ ಮೂಗನ್ನು ನಂಬುತ್ತಿದ್ದರು.

ಮಸ್ಕಿ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಸರಾಯಿ ಭಟ್ಟಿ ಇತ್ತು. ಅಲ್ಲಿ ಇಪ್ಪೆ ಹೂವನ್ನು ಮಣ್ಣಿನ ಹರವಿಗಳಲ್ಲಿ ನೆನೆಹಾಕಿ, ಅದು ಹುಳಿತು ನೊರೆಯೆದ್ದ ಮೇಲೆ ತಾಮ್ರದ ಹಂಡೆಯಲ್ಲಿ ಕುದಿಸುತ್ತಿದ್ದರು. ಹಬೆಯಾಗಿ ಏರಿದ್ದು ಸರಾಯಿಯಾಗಿ ಇಳಿಯುತ್ತಿತ್ತು. ಹಂಡೆಯಲ್ಲಿ ಉಳಿದದ್ದು ಕಪ್ಪನೆಯ ಗಸಿ. ಅದನ್ನು ಮೊದಮೊದಲು ಹಳ್ಳಕ್ಕೇ ಸುರಿಯುತ್ತಿದ್ದರು. ಅಗಸರಿಗೆ ಕೊಟ್ಟ ಧೋತರ ಕೊಟ್ಟದ್ದಕ್ಕಿಂತ ಹೊಲಸಾಗಿ ಮನೆಗೆ ಬರತೊಡಗಿದಾಗ ಊರಲ್ಲಿ ಗದ್ದಲವಾಯಿತು. ಭಟ್ಟಿಯ ಗುತ್ತೇದಾರ, ಗಾಡಿಯಲ್ಲಿ ಕಟ್ಟಿಗೆ ತಂದು ಹಾಕುತ್ತಿದ್ದ ಕಾಕಾನನ್ನು ಕರೆದು, "ಬರೋವಾಗ ಕಟ್ಟಿಗಿ ತಾ, ಹೋಗೋವಾಗ ಗಸಿ ಒಯ್ಯಿ. ಎಲ್ಲರೆ ಚೆಲ್ಲು, ಹಳ್ಳಕ್ಕ ಮಾತ್ರ ಬ್ಯಾಡ" ಎಂದ.

ಚೆಲ್ಲುವುದೆಂದರೆ ಕಾಕಾನಿಗೆ ಕೈ ಬರುವುದಿಲ್ಲ. ನೀರಾದದ್ದನ್ನು ತಿಪ್ಪೆಗೆ ಹಾಕಿದ. ಗೊಬ್ಬರ ಬೇಗ ಕಳಿಯಿತು, ರೈತರು ಕೇಳಿಕೊಂಡು ಬಂದರು. ಗಟ್ಟಿಯಾದದ್ದನ್ನು ಹೊಟ್ಟಿನಲ್ಲಿ ಕಲಸಿ ತನ್ನ ಎಮ್ಮೆಗೆ ಇಟ್ಟ. ಆ ಎಮ್ಮೆಯ ಹೆಸರು ಬೇಗಂ. ಬೇಗಂ ಮೊದಲ ದಿನ ಮೂತಿ ತಿರುವಿತು, ಮರುದಿನ ಬಾನಿ ನೆಕ್ಕಿತು, ಆಮೇಲೆ ಗಾಡಿಯ ಸದ್ದು ಕೇಳಿದರೆ ಸಾಕು, ಗೂಟ ಕಿತ್ತುಕೊಂಡು ಬರುವಂತೆ ಹಗ್ಗ ಜಗ್ಗುತ್ತಿತ್ತು. ಹಾಲೂ ಹೆಚ್ಚಾಯಿತು.

ಕಾಕಾ ಗಸಿ ತುಂಬಿಕೊಳ್ಳುವಾಗ ಕೈಯಿಟ್ಟು ನೋಡುತ್ತಿದ್ದ. "ಬಿಸಿ ಇದ್ರ ಒಲಿ ಕಂಡದ್ದು. ಅದರಾಗಿನ ನಿಶೆ ಎಲ್ಲಾ ಹಾರಿ ಹೋಗಿರತೈತಿ. ತಣ್ಣಗಿದ್ದದ್ದು ಮುಟ್ಟಬಾರದು ತಂಗೆಮ್ಮ, ಅದು ಇನ್ನಾ ಸೆರೆನ" ಎಂದು ನನಗೂ ಒಮ್ಮೆ ಹೇಳಿದ್ದ.

ನಿಶೆ ಹಾರಿಹೋದರೂ ವಾಸನೆ ಹೋಗಲಿಲ್ಲ. ಅದು ಕಾಕಾನ ರುಮಾಲು, ಅಂಗಿ, ಗಡ್ಡದಲ್ಲಿ ಬಾಡಿಗೆಯಿಲ್ಲದೆ ಮನೆ ಮಾಡಿತು. ಮಸೀದಿಯಲ್ಲಿ ನಮಾಜಿಗೆ ನಿಂತರೆ ಅವನ ಎಡಬಲದಲ್ಲಿ ಜಾಗ ತಾನಾಗಿ ತೆರವಾಗುತ್ತಿತ್ತು. ನಿಜವಾದ ಕುಡುಕರು ದಾರಿಯಲ್ಲಿ ಹೆಗಲ ಮೇಲೆ ಕೈಹಾಕಿ, "ಎಲ್ಲಿ ಸಿಕ್ತೋ ಜಂಗ್ಲ್ಯಾ, ಒಬ್ಬಾವನ ಕುಡದ್ಯಾ?" ಎನ್ನುತ್ತಿದ್ದರು.

ನಮ್ಮತ್ತೆ ಕಲ್ಯಾಣಮ್ಮ ಲಿಂಗಪೂಜೆಗೆ ಬೇಗಂನ ಹಾಲನ್ನು ಮುಟ್ಟಿಸುತ್ತಿರಲಿಲ್ಲ. "ಸೆರೆ ಗಸಿ ತಿಂದ ಎಮ್ಮಿ. ಶಿವಶಿವಾ!" ಎಂದು ಆಚೆ ಓಣಿಯಿಂದ ಹಾಲು ತರಿಸುತ್ತಿದ್ದರು. ಆಚೆ ಓಣಿಯವರೂ ತಮ್ಮ ಎಮ್ಮೆಗೆ ಕಾಕಾನಿಂದಲೇ ಗಸಿ ಹಾಕಿಸಿಕೊಳ್ಳುತ್ತಿದ್ದರೆಂದು ನಾನು ಅತ್ತೆಗೆ ಹೇಳಲಿಲ್ಲ. ಮನೆಯಲ್ಲಿ ಎರಡು ತುತ್ತು ಸಮಾಧಾನದಿಂದ ಉಣ್ಣಬೇಕೆಂದರೆ ಕೆಲವು ಮಾತು ನುಂಗಬೇಕು. ಚಹಕ್ಕೆ ಮಾತ್ರ ಬೇಗಂನ ಹಾಲೇ ಆಗಬೇಕಿತ್ತು ಅತ್ತೆಗೆ. "ಕುದ್ದ ಮ್ಯಾಲೆ ಎಂಥಾ ದೋಷ?" ನನ್ನ ಕೂಸು ನೀಲಾಳಿಗೂ ಅದೇ ಹಾಲನ್ನು ಕಾಯಿಸಿ, ನೀರು ಬೆರೆಸಿ ಕುಡಿಸುತ್ತಿದ್ದೆ. ಕೂಸು ಮೈ ಹಿಡಿದಿತ್ತು, ವಾಸನೆ ಹಿಡಿದಿರಲಿಲ್ಲ.

ಐವತ್ನಾಲ್ಕರ ಬೇಸಿಗೆಯಲ್ಲಿ ಮೆಹರಬಾನುವಿಗೆ ಹಟ್ಟಿಯಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಬಂಗಾರದ ಗಣಿಯಲ್ಲಿ ಕೆಲಸ. ಅವನ ತಂದೆ ಅಮೀನ್‌ಸಾಬ್ ಅದೇ ಗಣಿಯಲ್ಲಿ ಪಾಳಿಯ ಮೇಸ್ತ್ರಿ. ಆದರೆ ಅಮೀನ್‌ಸಾಬ್‌ನ ಅಣ್ಣ ಕುಡಿದೂ ಕುಡಿದೂ ಮನೆ ಮಾರಿಕೊಂಡಿದ್ದನಂತೆ. ಅಂದಿನಿಂದ ಕುಡುಕರ ಮನೆಯ ಹೆಣ್ಣು ತರುವುದಿಲ್ಲವೆಂದು ಅಮೀನ್‌ಸಾಬ್ ಕುರಾನಿನ ಮೇಲೆ ಆಣೆ ಮಾಡಿದ್ದ. ಮೆಹರಬಾನುವಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಬಾಯಿಬಿಟ್ಟು ಹೇಳಲಿಲ್ಲ, ಹಟ್ಟಿ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು.

ಬೀಗರಾಗುವವರು ಬರುವ ಹಿಂದಿನ ದಿನ ದಾವಲ್‌ಬೀ ಗಂಡನನ್ನು ಹಿತ್ತಲಲ್ಲಿ ಕೂರಿಸಿ ಸೀಗೆಕಾಯಿ, ಕಡಲೆಹಿಟ್ಟು, ಲಿಂಬೆಹಣ್ಣು ಹಾಕಿ ತಿಕ್ಕಿದಳು. ಅಡ್ಡಗೋಡೆಯ ಮೇಲಿನಿಂದ ಅತ್ತೆ ನೋಡುತ್ತ, "ಬೂದಿ ಹಚ್ಚಿ ತಿಕ್ಕಬೇ, ಹಂಡೆ ಹಂಗ ಬೆಳ್ಳಗ ಆಗ್ತಾನ" ಎಂದರು.

"ಕಲ್ಯಾಣಕ್ಕ, ನನ್ನ ತೊಗಲು ಹ್ವಾದ್ರ ಬೀಗರ ಮುಂದ ಏನು ಕೂಡಸ್ತಾಳ ಈಕಿ?" ಎಂದು ಕಾಕಾ ಕೂಗಿದ.

ಬೆಳಿಗ್ಗೆ ಹೊಸ ಪಾಯಜಾಮ, ಅಂಗಿ. ಅದರ ಮೇಲೆ ಅರ್ಧ ಸೀಸೆ ಅತ್ತರು.

"ಇವತ್ತ ಭಟ್ಟಿ ಕಡಿ ಮುಖ ಮಾಡಿದ್ರ ನನ್ನ ಆಣೆ ಐತಿ" ಎಂದಳು ದಾವಲ್‌ಬೀ.

"ಬೇಗಂ ಏನು ತಿನ್ನಬೇಕು?"

"ನಾ ತರ್ತೀನಿ. ಗಸಿ ತರಾಕ ಗಡ್ಡ ಬೇಕೇನು?"

ಅವಳು ಎಂದೂ ಭಟ್ಟಿಗೆ ಹೋದವಳಲ್ಲ. ಹೋದಾಗ ಹಂಡೆಯಿಂದ ತೆಗೆದ ಗಸಿ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಒಡೆದ ಹರವಿಯಿಂದ ಬಳಿದು ಹೊರಗಿಟ್ಟ ಹುಳಿತ ಹೂವು ತಣ್ಣಗಿತ್ತು. ಕೈ ಸುಟ್ಟುಕೊಂಡರೆ ಬೀಗರಿಗೆ ರೊಟ್ಟಿ ಬಡಿಯುವವರು ಯಾರು? ಜಾಣೆ ತಣ್ಣಗಿದ್ದದ್ದನ್ನೇ ತುಂಬಿಕೊಂಡು ಬಂದಳು. ಬೇಗಂ ಅಂದು ಬಾನಿಯ ತಳವನ್ನೂ ಬಿಡಲಿಲ್ಲ.

ಅಮೀನ್‌ಸಾಬ್ ಬಂದು ಅಂಗಳದ ಜಮಖಾನೆಯ ಮೇಲೆ ಕೂತ. ನಾನು ನೀಲಾಳನ್ನು ಬಗಲಲ್ಲಿ ಎತ್ತಿಕೊಂಡು, ಅತ್ತೆಯ ಹಿಂದೆ, ಅಡ್ಡಗೋಡೆಯ ಹತ್ತಿರ ನಿಂತಿದ್ದೆ. ಮೆಹರಬಾನು ಬಾಗಿಲ ಪರದೆಯ ಹಿಂದೆ. ಅವಳ ಕಾಲ್ಬೆರಳು ಮಾತ್ರ ಕಾಣುತ್ತಿದ್ದವು.

"ಯಾಕ್ರಿ ಜಂಗ್ಲಿಸಾಬ್, ನೀವು ಭಟ್ಟಿಯಾಗ ದುಡೀತೀರಂತ?"

"ಭಟ್ಟಿಯಾಗ ಅಲ್ರೀ, ಭಟ್ಟಿ ಹೊರಗ. ಅವರು ಮಾಡಿದ್ದು ಮಂದಿ ಒಯ್ತಾರ. ಅವರಿಗೆ ಬ್ಯಾಡಾದದ್ದು ನಾ ಒಯ್ತೀನಿ."

ಅಮೀನ್‌ಸಾಬ್ ಮೂಗೆಳೆದ. "ಅತ್ತರು ಭಾಳ ಹಚ್ಚೀರಿ."

"ಹೌದ್ರಿ... ಖುಷಿ ದಿವಸ..."

"ಇಷ್ಟು ಹಚ್ಚಿದಾವ ಏನರ ಮುಚ್ಚತಿರತಾನ." ಅವನು ಕೋಲು ಹಿಡಿದು ಏಳುವವನಂತೆ ಮುಂದೆ ಬಾಗಿದ. ಪರದೆಯ ಕೆಳಗಿನ ಕಾಲ್ಬೆರಳು ಮುದುಡಿದವು. ನನಗೆ ಅಳುವೇ ಬಂತು.

ಆಗ ಹಿತ್ತಲಿನಿಂದ ಬೇಗಂ ಬಂತು. ಗೂಟವನ್ನು ಹಗ್ಗದ ಸಮೇತ ಎಳೆದುಕೊಂಡು, ಹಿಂದಿನ ಎರಡು ಕಾಲು ಒಂದು ಊರಿಗೆ, ಮುಂದಿನ ಎರಡು ಇನ್ನೊಂದು ಊರಿಗೆ ಹೊರಟಂತೆ ಬಂತು. ಅಮೀನ್‌ಸಾಬ್‌ನ ಹೆಗಲ ಮೇಲೆ ಗದ್ದವಿಟ್ಟು ಪ್ರೀತಿಯಿಂದ ಉಸಿರುಬಿಟ್ಟಿತು. ತಟ್ಟೆಯಲ್ಲಿದ್ದ ವೀಳ್ಯದೆಲೆಯನ್ನಷ್ಟೂ ತಿಂದಿತು. ಆಮೇಲೆ ತೂರಾಡುತ್ತ ಓಣಿಗಿಳಿದು, ಸೇದೋ ಬಾವಿಗೂ ಅದರ ಪಕ್ಕದ ಗೋಡೆಗೂ ನಡುವೆ ನುಗ್ಗಿ ಸಿಕ್ಕಿಕೊಂಡು, ಬಾವಿಯೊಳಗೆ ಕತ್ತು ಚಾಚಿ ಕೂಗತೊಡಗಿತು.

"ಯಾ ಅಲ್ಲಾ, ಬಿದ್ದೀತು!" ಎಂದು ದಾವಲ್‌ಬೀ ಬಾಯಿ ಬಡಿದುಕೊಂಡಳು.

ಹಗ್ಗ ಹಿಡಿಯಬೇಕೆಂದರೆ ಬಾವಿಯ ಕಲ್ಲಿನ ಅಂಚಿನ ಮೇಲೆ ನಡೆದೇ ಹೋಗಬೇಕು. ಒಂದು ಅಂಗಾಲಷ್ಟು ಅಗಲ, ನೀರು ಚೆಲ್ಲಿ ಪಾಚಿಗಟ್ಟಿದ್ದು. ಕಾಕಾ ಜೋಡು ಕಳಚಿದ. ಪಾಯಜಾಮ ಮೇಲೆತ್ತಿದ. "ಬೇಗಂ, ಬೇಟಿ, ಸುಮ್ಮನ ನಿಂದ್ರು" ಎನ್ನುತ್ತ, ಮನೆಯ ಪಡಸಾಲೆಯಲ್ಲಿ ನಡೆದಂತೆ ಅಂಚಿನ ಮೇಲೆ ನಡೆದುಹೋಗಿ, ಹಗ್ಗ ಹಿಡಿದು, ಎಮ್ಮೆಯನ್ನು ಹಿಂದೆ ಹಿಂದೆ ನೂಕುತ್ತ ಅದೇ ಅಂಚಿನ ಮೇಲೆ ತಿರುಗಿ ಬಂದ. ನೀಲಾ ಕೂಡ ಉಸಿರು ಬಿಗಿಹಿಡಿದಿದ್ದಳು.

ಅಮೀನ್‌ಸಾಬ್ ಬಾವಿಯನ್ನು ನೋಡುತ್ತಿರಲಿಲ್ಲ, ಎಮ್ಮೆಯನ್ನೂ ನೋಡುತ್ತಿರಲಿಲ್ಲ. ಕಾಕಾನ ಕಾಲನ್ನೇ ನೋಡುತ್ತಿದ್ದ.

"ಹಟ್ಟ್ಯಾಗ ಮಂದಿ ಗಣಿಗೆ ಇಳಿಯೋ ಮುಂದ ನಾ ಅವರ ಬಾಯಿ ಮೂಸಂಗಿಲ್ಲ" ಎಂದ. "ಬಾಯಿ ಸುಳ್ಳು ಹೇಳತೈತಿ. ಯಾರ ಮ್ಯಾಲ ಅನುಮಾನ ಐತೋ ಅವನ್ನ ಹಳಿ ಮ್ಯಾಲೆ ನಡಸ್ತೀನಿ. ಕುಡಿದಾವ ಆಗಿದ್ರ ನಾಕು ಹೆಜ್ಜಿಗೆ ಗುರುತು ಸಿಗತಾನ." ಅವನು ಬೇಗಂನ ಮೂತಿ ಹಿಡಿದು ಮೂಸಿ, ಮುಖ ಕಿವುಚಿದ. "ಈ ಮನ್ಯಾಗ ಕುಡಿಯೋರು ಅದಾರ ಅಂತ ಕೇಳಿದ್ದೆ. ಖರೇನ ಐತಿ. ಆದ್ರ ಅವರಿಗೆ ಕೋಡು ಅದಾವ."

ಮೊದಲು ನಕ್ಕವರು ನಮ್ಮತ್ತೆ. ಪರದೆಯ ಹಿಂದಿನಿಂದ ಇನ್ನೊಂದು ನಗು ಕೇಳಿತು.

ಆಮೇಲೆ ದಾವಲ್‌ಬೀ ತಣ್ಣಗಿನ ಗಸಿಯ ಸಂಗತಿ ಒಪ್ಪಿಕೊಂಡಳು. ಕಾಕಾ ತಲೆ ಚಚ್ಚಿಕೊಂಡು, "ನನ್ನ ತೊಳದಿ, ಎಮ್ಮಿಗೆ ಕುಡಿಸಿದಿ" ಎಂದ. ಎಲೆ ಎಮ್ಮೆಯ ಹೊಟ್ಟೆಗೆ ಹೋಗಿದ್ದರಿಂದ ಅತ್ತೆ ನಮ್ಮ ಮನೆಯ ಎಲೆ-ಅಡಿಕೆ ಕಳಿಸಿದರು. ಮಾತು ಪಕ್ಕಾ ಆಯಿತು. ಅಂದಿನ ಸಂಜೆಯ ಹಾಲನ್ನು ತಿಪ್ಪೆಗೆ ಸುರಿದರು. ಕಾಕಾ ಏನನ್ನಾದರೂ ಚೆಲ್ಲಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೀಲಾಳಿಗೆ ರಾಗಿ ಗಂಜಿ ಮಾಡಿದೆ.

ಮರುದಿನ ಬೇಗಂ ತಲೆ ಎತ್ತಲಿಲ್ಲ, ಮೇವು ಮೂಸಲಿಲ್ಲ. ಅತ್ತೆ ಒಂದು ಕೊಡ ಹುಣಸೆಹಣ್ಣಿನ ನೀರು ಕಿವುಚಿ ಗೋಡೆಯಾಚೆ ದಾಟಿಸಿದರು.

"ಕಲ್ಯಾಣಕ್ಕ, ಈ ಔಷಧ ನಿಮಗ ಹೆಂಗ ಗೊತ್ತು?" ಎಂದ ಕಾಕಾ.

ಅತ್ತೆ ಒಳಗೆ ಪಡಸಾಲೆಯಲ್ಲಿ ತೂಗುಹಾಕಿದ್ದ ಮಾವನವರ ಫೋಟೋ ಕಡೆಗೊಮ್ಮೆ ನೋಡಿ, "ನಿನಗ್ಯಾಕ ಬೇಕದು? ಎಮ್ಮಿಗೆ ಕುಡಿಸು" ಎಂದರು.

ನಿಕಾಹದ ದಿನ ದಾವಲ್‌ಬೀ ಮತ್ತೆ ಅತ್ತರಿನ ಸೀಸೆ ತಂದಳು. ಮದುಮಗಳು ಮೆಹರಬಾನು ಅದನ್ನು ಕಸಿದು ಸೆರಗಿಗೆ ಕಟ್ಟಿಕೊಂಡಳು. "ಹಚ್ಚಬ್ಯಾಡ ಅಮ್ಮಾ" ಎಂದಳು. "ನನ್ನ ಮುಖದ ಮ್ಯಾಲೆ ಮುಸುಕು ಇರತೈತಿ. ಅಬ್ಬಾ ಮಗ್ಗಲಾಗ ಬಂದು ನಿಂತದ್ದು ನನಗ ಹೆಂಗ ಗೊತ್ತಾಗಬೇಕು?"