ಗೇರ್ ಹಿಡಿಯುವ ಕೆಲಸ

ಆಗ ನನಗೆ ಇಪ್ಪತ್ತೆರಡು. ಅರವತ್ತು ವರ್ಷದ ಹಿಂದಿನ ಮಾತು. ನನ್ನ ಗಂಡ ಒಂದು ಹಳೇ ಲಾರಿಯಲ್ಲಿ ಪಾವಗಡದಿಂದ ಮಧುಗಿರಿಗೆ ಕಡಲೆಕಾಯಿ ಮೂಟೆ ಸಾಗಿಸುತ್ತಿದ್ದ. ಇಳಿಜಾರು ಬಂದರೆ ಸಾಕು, ಗೇರ್ ತಾನೇ ಕಳಚಿಕೊಳ್ಳುತ್ತಿತ್ತು. ಅದಕ್ಕೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಗೇರ್ ಕೋಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಸುತ್ತಿದ್ದ. ಸಂಜೆಗೆ ಮುದ್ದೆ ತಿರುವಲೂ ತೋಳು ಏಳುತ್ತಿರಲಿಲ್ಲ.

ಆಮೇಲೆ ಇಂಜಿನ್ನಿನಲ್ಲಿ ಟಕ್ ಟಕ್ ಶಬ್ದ ಶುರುವಾಯಿತು. ಶಿರಾದ ಮೇಸ್ತ್ರಿಗೆ ತೋರಿಸಿದೆವು. "ಇಂಜಿನ್ ಪೂರಾ ಬಿಚ್ಬೇಕು. ಗೇರ್‌ದು ಬೇರೆ ಬೀಮಾರಿ, ಅದು ಆಮೇಲೆ" ಅಂದ. ಇನ್ನೂ ಎಷ್ಟು ದಿನ ಹಿಡಿದು ಕೂರಬೇಕೋ ಎಂದು ನನಗೆ ಸಿಟ್ಟು ಬಂತು. ದಾರಿಯ ಅಡಿಗೆಗೆಂದು ಲಾರಿಯಲ್ಲಿಟ್ಟಿದ್ದ ಊದುಗೊಳವೆ ತಂದು, ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟೆ.

"ಯಾಕಮ್ಮಾ, ಇದೇನ್ ಒಲೆನಾ ಊದಾಕೆ?" ಎಂದು ಮೇಸ್ತ್ರಿ ನಕ್ಕ.

"ಊದಾಕಲ್ಲ ಕಣಪ್ಪ, ಕೇಳಾಕೆ. ಸುಮ್ಕಿರು."

ಮೇಲೆಲ್ಲ ಶಬ್ದ ಸಣ್ಣಗಿತ್ತು. ಇಂಜಿನ್ ಚಾಸಿಯ, ಅಂದರೆ ಲಾರಿಯ ಅಡಿಚೌಕಟ್ಟಿನ, ಮೇಲೆ ಕೂತಿದ್ದ ಕಡೆ ಸುತ್ತಿಗೆ ಬಡಿದಂತೆ ಕೇಳಿತು. ಮೇಸ್ತ್ರಿ ಬಗ್ಗಿ ನೋಡಿದ. ಅಲ್ಲಿನ ಬೋಲ್ಟು ಸಡಿಲವಾಗಿ ಇಂಜಿನ್ನೇ ಕುಣಿಯುತ್ತಿತ್ತು. ಅದು ಕುಣಿದಾಗಲೆಲ್ಲ ಗೇರ್ ಕಳಚುತ್ತಿತ್ತು. ಹಳೇ ಟೈರಿನ ತುಂಡು ನಡುವೆ ಇಟ್ಟು ಬೋಲ್ಟು ಬಿಗಿದ. ಶಬ್ದ ನಿಂತಿತು. ಮಧುಗಿರಿಗೆ ಬರುವಾಗ ಕೈ ಬಿಟ್ಟು ಕೂತೆ, ಗೇರ್ ಕದಲಲಿಲ್ಲ.

ಮಾರನೆಯ ಬೆಳಿಗ್ಗೆ ಗಂಡ ಅಭ್ಯಾಸದಂತೆ ಕೂಗಿದ: "ಲೇ, ಲಾರಿ ಹತ್ತೇ, ಹೊತ್ತಾಯ್ತು."

"ಗೇರ್ ತಾನೇ ನಿಂತ್ಕಂತೈತೆ, ನೀನೇ ವೋಗು" ಎಂದು ಕಂಬಳಿ ಎಳೆದುಕೊಂಡು ಮಲಗಿಬಿಟ್ಟೆ.